ಹೊಸ ತೆರೆಯ ಮೇಲೆ ಹಳೆಯ ಭೀಮಸೇನ

32 ಇಂಚು ಮೀರಿದ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇಕಡಾ 28ರಿಂದ 18ಕ್ಕೆ ಇಳಿಯಿತು. ಆಮೇಲೆ ಪುಣೆಯ ಕನ್ನಡ ಮನೆಗಳಲ್ಲಿ ಟಿವಿ ಬದಲಿಸುವ ಮಾತು ಜೋರಾಗಿದೆ. ಗಣೇಶನಗರದ ಕನ್ನಡ ಶಾಲೆಯ ಆವರಣದಲ್ಲಿ ಸಿಕ್ಕವರೂ ಕೇಳುತ್ತಾರೆ, ಫೋನು ಮಾಡಿಯೂ ಕೇಳುತ್ತಾರೆ: 43 ಇಂಚು ಸಾಕೇ, 55 ಬೇಕೇ? ಎಚ್‌ಡಿ ಸಾಕೇ, 4ಕೆ ಬೇಕೇ? ಅದರಲ್ಲಿ ನೀವು ಏನು ನೋಡುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಹಿರಿಯರ ಉತ್ತರ ಹೆಚ್ಚುಕಡಿಮೆ ಒಂದೇ. ರಾತ್ರಿ ಕನ್ನಡ ಧಾರಾವಾಹಿ, ರಜೆಯ ದಿನ ಒಂದು ರಾಜಕುಮಾರ್ ಸಿನಿಮಾ, ಉಳಿದ ಹೊತ್ತಿನಲ್ಲಿ ಯೂಟ್ಯೂಬಿನ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ. ಹಾಗಿದ್ದರೆ ನಿಮಗೆ ಬೇಕಾದ ತೆರೆ ಬೇರೆ, ಅಂಗಡಿಯ ಗೋಡೆಯಲ್ಲಿ ಗಿಳಿಹಸಿರು, ಕಡುಗೆಂಪು ಚೆಲ್ಲುತ್ತ ನಿಂತಿರುವ ತೆರೆ ಬೇರೆ.

ಈ ಊರಿನ ಟಿವಿಗೆ ಐವತ್ತು ದಾಟಿದ ವಯಸ್ಸು. 1972ರ ಅಕ್ಟೋಬರಿನಲ್ಲಿ ಮುಂಬೈ ಕೇಂದ್ರ ಶುರುವಾಯಿತು. ಮರುವರ್ಷವೇ ಸಿಂಹಗಡದ ಮೇಲಿನ ಗೋಪುರ ಅದನ್ನು ಪುಣೆಗೆ ದಾಟಿಸತೊಡಗಿತು. 1974ರಲ್ಲಿ ದೆಹಲಿಯಲ್ಲಿದ್ದ ಟಿವಿ ತರಬೇತಿ ವಿಭಾಗ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದು ಸೇರಿತು. ಆ ಹೊತ್ತಿಗೆ ಅಲ್ಲಿ ನಿರ್ದೇಶಕರಾಗಿ ಬಂದವರು ಗಿರೀಶ ಕಾರ್ನಾಡ. ವಿದ್ಯಾರ್ಥಿಯಾಗಿದ್ದವರು ಗಿರೀಶ ಕಾಸರವಳ್ಳಿ. ಆಗಿನ ಟಿವಿ ಚಿತ್ರದಲ್ಲಿ 625 ಗೆರೆಗಳು. ಕಣ್ಣಿಗೆ ಬೀಳುತ್ತಿದ್ದವು 576. 1982ರಲ್ಲಿ ಬಣ್ಣ ಬಂದಾಗಲೂ ಗೆರೆಗಳ ಲೆಕ್ಕ ಬದಲಾಗಲಿಲ್ಲ. ಡಿಜಿಟಲ್ ಲೆಕ್ಕಕ್ಕೆ ತಂದರೆ 720ಕ್ಕೆ 576, ಎಂದರೆ ಸುಮಾರು ನಾಲ್ಕು ಲಕ್ಷ ಚುಕ್ಕಿ. ಪೂರ್ಣ ಎಚ್‌ಡಿಯಲ್ಲಿ 1920ಕ್ಕೆ 1080, ಇಪ್ಪತ್ತು ಲಕ್ಷದ ಮೇಲೆ. 4ಕೆಯಲ್ಲಿ ಎಂಬತ್ತೆರಡು ಲಕ್ಷ ದಾಟುತ್ತದೆ. ನಾಲ್ಕು ಲಕ್ಷದ ಚಿತ್ರವನ್ನು ಎಂಬತ್ತೆರಡು ಲಕ್ಷದ ತೆರೆಗೆ ಕೊಟ್ಟಾಗ ಉಳಿದದ್ದನ್ನು ತೆರೆಯೇ ಊಹಿಸಿ ತುಂಬಬೇಕು. ಯಾರೋ ಹಾಕಿದ ರಂಗೋಲಿಯ ಚುಕ್ಕಿಗಳ ನಡುವೆ ಇನ್ನೊಬ್ಬರು ಬಂದು ಅಂದಾಜಿನಲ್ಲಿ ಚುಕ್ಕಿ ಇಡುತ್ತ ಹೋದಂತೆ ಅದು. ಒಳ್ಳೆಯ ಟಿವಿ ಒಳ್ಳೆಯ ಊಹೆ ಮಾಡುತ್ತದೆ, ಅಷ್ಟೇ.

ಹಳೆಯದೆಲ್ಲ ಮಸುಕು, ಹೊಸದೆಲ್ಲ ಸ್ಪಷ್ಟ ಎಂದುಕೊಂಡವರಿಗೆ ಇಲ್ಲಿ ಒಂದು ಸಂಗತಿ ಹೇಳಬೇಕು. 1977ರ ಕಪ್ಪು-ಬಿಳುಪು ಚಿತ್ರ ಎಚ್‌ಡಿ ತೆರೆಯನ್ನು ತುಂಬಬಲ್ಲದು; ಅದಕ್ಕಿಂತ ಇಪ್ಪತ್ತೈದು ವರ್ಷ ಈಚಿನ ಧಾರಾವಾಹಿಗೆ ಅದು ಸಾಧ್ಯವಿಲ್ಲದಿರಬಹುದು. ಟೇಪಿನಲ್ಲಿ ಚಿತ್ರಿಸಿದ ಧಾರಾವಾಹಿ 576 ಗೆರೆಗಳಲ್ಲೇ ಹುಟ್ಟಿದ್ದು, ಅದರಾಚೆಗೆ ಅದರಲ್ಲಿ ಏನೂ ಇಲ್ಲ. 35 ಎಂಎಂ ಫಿಲ್ಮಿನ ನೆಗೆಟಿವಿನಲ್ಲಿ ಹಾಗಲ್ಲ. ಬೆಳ್ಳಿಯ ಕಣಗಳಲ್ಲಿ ಹಿಡಿದ ವಿವರ ಎಚ್‌ಡಿಗಿಂತ ಹೆಚ್ಚು, 4ಕೆಯಲ್ಲಿ ಸ್ಕ್ಯಾನ್ ಮಾಡುವಷ್ಟು. ಕಾಸರವಳ್ಳಿಯವರ 'ಘಟಶ್ರಾದ್ಧ'ವೇ ಸಾಕ್ಷಿ. ಎಸ್. ರಾಮಚಂದ್ರ ಛಾಯಾಗ್ರಹಣ ಮಾಡಿದ, ಸ್ವರ್ಣಕಮಲ ಪಡೆದ ಆ ಚಿತ್ರದ ಮೂಲ ನೆಗೆಟಿವ್ ಉಳಿದದ್ದು ಇದೇ ಪುಣೆಯಲ್ಲಿ, 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ. ಅದರಿಂದಲೇ ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ 4ಕೆ ಪ್ರತಿ ಸಿದ್ಧವಾಗಿ, 2024ರಲ್ಲಿ ವೆನಿಸ್ ಉತ್ಸವದ ಪರದೆಗೆ ಬಂತು. ಇದರ ಹಿಂದೆ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತ್ತು, ಮಾರ್ಟಿನ್ ಸ್ಕೋರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ ಇತ್ತು. ಆದರೆ ಯಾರೋ ದಶಕಗಟ್ಟಲೆ ಆ ರೀಲುಗಳನ್ನು ತಂಪಿನಲ್ಲಿ ಕಾಪಿಟ್ಟಿರದಿದ್ದರೆ ಸ್ಕ್ಯಾನ್ ಮಾಡಲು ಏನಿರುತ್ತಿತ್ತು? ಲಾ ಕಾಲೇಜ್ ರಸ್ತೆಯಲ್ಲಿ ಹೋಗುವಾಗ ಆ ಕಟ್ಟಡ ಕಂಡರೆ ನನಗೆ ಈಗಲೂ ಕೃತಜ್ಞತೆ ಉಕ್ಕುತ್ತದೆ.

ರಾಜಕುಮಾರ್ ಸಿನಿಮಾದ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ಸಂಗೀತ ಬಲ್ಲವರು ಇದನ್ನು ಗಮನವಿಟ್ಟು ಓದಬೇಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು. ನಮ್ಮ ಹಳೆಯ ಟಿವಿ ಪದ್ಧತಿ ಸೆಕೆಂಡಿಗೆ 25. ಆ ಪದ್ಧತಿಯ ಟೇಪಿಗೆ ಇಳಿಸುವಾಗ ಚಿತ್ರವನ್ನು 25ರ ವೇಗಕ್ಕೆ ಓಡಿಸಿಬಿಡುತ್ತಿದ್ದರು. ವೇಗ ಶೇಕಡಾ ನಾಲ್ಕರಷ್ಟು ಹೆಚ್ಚಿತು, ಅದರೊಂದಿಗೆ ಶ್ರುತಿಯೂ ಏರಿತು. ಹಾರ್ಮೋನಿಯಂನ ಒಂದು ಮನೆಗೂ ಅದರ ಪಕ್ಕದ ಮನೆಗೂ ಇರುವ ಅಂತರದಲ್ಲಿ ಸುಮಾರು ಮುಕ್ಕಾಲು ಪಾಲು. 1966ರ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿಯವರ ಕಂಠವಿದೆ. ಹಾಗೆ ಓಡಿಸಿ ಇಳಿಸಿದ ಪ್ರತಿಯಲ್ಲಿ ಅದನ್ನು ಕೇಳಿದವರು ಅವರ ನಿಜವಾದ ಶ್ರುತಿಯನ್ನು ಕೇಳಿಲ್ಲ. ಫಿಲ್ಮಿನಿಂದ ಹೊಸದಾಗಿ ಸ್ಕ್ಯಾನ್ ಮಾಡಿ 24ರಲ್ಲೇ ಉಳಿಸಿದ ಪ್ರತಿಯನ್ನು 24ಕ್ಕೆ ಒಗ್ಗುವ ಟಿವಿಯಲ್ಲಿ ನೋಡಿದಾಗ ಷಡ್ಜ ತನ್ನ ಜಾಗಕ್ಕೆ ಬಂದು ಕೂರುತ್ತದೆ. ತೆರೆ ಬದಲಿಸುವುದಕ್ಕೆ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಗದಗಿನ ಭೀಮಸೇನರು ಪುಣೆಯಲ್ಲಿ ನೆಲೆಸಿ, ಕುಂದಗೋಳದ ಗುರುವಿನ ಹೆಸರಿನಲ್ಲಿ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಆರಂಭಿಸಿ, 2011ರ ಜನವರಿಯಲ್ಲಿ ಇಲ್ಲೇ ಕೊನೆಯುಸಿರೆಳೆದರು. ಅವರನ್ನು ಇನ್ನು ನೋಡಬೇಕಾದರೆ ಹಳೆಯ ರೆಕಾರ್ಡಿಂಗುಗಳೇ ಗತಿ. ಬಹುಪಾಲು ಟಿವಿ ಕ್ಯಾಮೆರಾದಲ್ಲಿ ಹಿಡಿದವು, 576 ಗೆರೆಯವು. ಇವುಗಳನ್ನು ದೊಡ್ಡ ತೆರೆಯಲ್ಲಿ ನೋಡುವಾಗ ಮೊದಲು ಕಾಪಾಡಿಕೊಳ್ಳಬೇಕಾದದ್ದು ಚೌಕಟ್ಟು. ಆಗಿನ ಚಿತ್ರ 4ಕ್ಕೆ 3ರ ಅಳತೆಯದು, ಈಗಿನ ತೆರೆ 16ಕ್ಕೆ 9. ತೆರೆ ತುಂಬಲಿ ಎಂದು ಎಳೆದರೆ ಗಾಯಕನ ಮುಖ ಮೂರನೇ ಒಂದರಷ್ಟು ಅಗಲವಾಗುತ್ತದೆ. ಕತ್ತರಿಸಿ ಹಿಗ್ಗಿಸಿದರೆ ಮೇಲೆತ್ತಿದ ಕೈ ಕಾಣದಾಗುತ್ತದೆ. ಭೀಮಸೇನರ ಗಾಯನದಲ್ಲಿ ಅರ್ಧ ಅವರ ಕೈಯಲ್ಲಿತ್ತು. ಎಡಬಲದ ಕಪ್ಪು ಪಟ್ಟಿ ಇದ್ದುಕೊಳ್ಳಲಿ, ಬಿಡಿ.

ಎರಡನೆಯದು ಚಲನೆ. ಹಳೆಯ ಟಿವಿ ಚಿತ್ರ ಸೆಕೆಂಡಿಗೆ ಐವತ್ತು ಸಲ ಅರ್ಧರ್ಧವಾಗಿ ಬರುತ್ತಿತ್ತು: ಒಮ್ಮೆ ಬೆಸ ಗೆರೆಗಳು, ಒಮ್ಮೆ ಸಮ ಗೆರೆಗಳು. ಚಿತ್ರ ಅರ್ಧವಾದರೂ ಚಲನೆ ಐವತ್ತು ಮೆಟ್ಟಿಲಿನದ್ದು. ಇಂದಿನ ತೆರೆ ಇಡೀ ಚಿತ್ರವನ್ನೇ ಬಯಸುತ್ತದೆ. ಹಳೆಯ ಟೇಪನ್ನು ಯೂಟ್ಯೂಬಿಗೆ ಏರಿಸುವವರು ಬೆಸ-ಸಮಗಳನ್ನು ಅವಸರದಲ್ಲಿ ಕೂಡಿಸಿದರೆ ದ್ರುತ್ ತಾನಿನಲ್ಲಿ ಕೈ ಬೀಸಿದಾಗ ಬೆರಳಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಏಳುತ್ತವೆ. ಇಲ್ಲವೇ ಐವತ್ತನ್ನು ಇಪ್ಪತ್ತೈದಕ್ಕೆ ಇಳಿಸಿ ಅರ್ಧ ಚಲನೆಯನ್ನೇ ಎಸೆದಿರುತ್ತಾರೆ. ಅಲ್ಲಿ ಒಂದೇ ಕಛೇರಿಯ ಬೇರೆ ಬೇರೆ ಪ್ರತಿಗಳಿದ್ದರೆ ಗುಣಮಟ್ಟದ ಪಟ್ಟಿಯಲ್ಲಿ 720ಪಿ50 ಅಥವಾ 1080ಪಿ50 ಎಂದು ಬರೆದಿರುವುದನ್ನು ಹುಡುಕಿ. ಅದರಲ್ಲಿ ಹೆಚ್ಚು ವಿವರ ಇರಲಾರದು; ಆದರೆ ತಬಲಾದ ಬೆರಳುಗಳು, ತಾನಿನ ಕೈಗಳು ಸಭಾಂಗಣದಲ್ಲಿ ಕಂಡಷ್ಟು ಸಲೀಸಾಗಿ ಚಲಿಸುತ್ತವೆ.

ಟಿವಿ ತಾನಾಗಿ ಮಾಡುವ 'ನಯಗಾರಿಕೆ'ಯ ಮಾತು ಬೇರೆ. ಸೋನಿಯಲ್ಲಿ ಅದು ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಎಂಬ ಹೆಸರುಗಳಲ್ಲಿ ಬಂದಿದೆ. ಎರಡು ಚೌಕಟ್ಟುಗಳ ನಡುವೆ ಇಲ್ಲದ ಚೌಕಟ್ಟನ್ನು ಅದು ಸೃಷ್ಟಿಸಿ ಸೇರಿಸುತ್ತದೆ. ಕ್ರಿಕೆಟ್ಟಿಗೆ ಬೇಕಾದರೆ ಇರಲಿ. ಸಿನಿಮಾಕ್ಕೆ ಅದು ಸಲ್ಲದು. 24ರ ಲಯದಲ್ಲಿ ಕಟ್ಟಿದ ದೃಶ್ಯ ಅದರಿಂದ ಸ್ಟುಡಿಯೋ ಧಾರಾವಾಹಿಯಂತೆ ತೆಳ್ಳಗಾಗುತ್ತದೆ. 2018ರ ಕೊನೆಯಲ್ಲಿ ಟಾಮ್ ಕ್ರೂಸ್ ಈ ನಯಗಾರಿಕೆಯನ್ನು ಆಫ್ ಮಾಡಿ ಎಂದು ವೀಕ್ಷಕರನ್ನು ಕೇಳಿಕೊಂಡರು. 2019ರಲ್ಲಿ 'ಫಿಲ್ಮ್‌ಮೇಕರ್ ಮೋಡ್' ಎಂಬ ಏರ್ಪಾಡು ಬಂತು, ಈಗಿನ ಅನೇಕ ಟಿವಿಗಳಲ್ಲಿದೆ. ಒಂದು ಗುಂಡಿ ಒತ್ತಿದರೆ ನಯಗಾರಿಕೆ, ಕೃತಕ ಮೊನಚು, ನೀಲಿ ಛಾಯೆ ಎಲ್ಲವೂ ಹಿಂದೆ ಸರಿಯುತ್ತವೆ. ಅದಿಲ್ಲದ ಟಿವಿಯಲ್ಲಿ 'ಸಿನೆಮಾ' ಅಥವಾ 'ಮೂವಿ' ಆರಿಸಿ, ಬಣ್ಣದ ತಾಪವನ್ನು 'ವಾರ್ಮ್'ಗೆ ಇಟ್ಟು, ಶಾರ್ಪ್‌ನೆಸ್ ಬಹುತೇಕ ಸೊನ್ನೆಗೆ ತನ್ನಿ. ಮೊದಲ ಸಂಜೆ ಚಿತ್ರ ಹಳದಿ ಎನಿಸುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಒಗ್ಗಿದ ಮೇಲೆ ಅಂಗಡಿಯ ನೀಲಿ ಬಿಳುಪನ್ನು ಸಹಿಸಲಾಗುವುದಿಲ್ಲ.

ಗೆರೆಗಳಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಕಪ್ಪಿಗೆ. 'ಘಟಶ್ರಾದ್ಧ'ದ ರಾತ್ರಿಯ ದೃಶ್ಯಗಳನ್ನು ನೆನೆಯಿರಿ. ಮಲೆನಾಡಿನ ಕತ್ತಲು, ಅದರೊಳಗೆ ನಾಯಕಿ ಯಮುನಕ್ಕನ ಬಿಳಿಯ ಮುಖ. ಆ ಕತ್ತಲು ಬೂದಿಬಣ್ಣಕ್ಕೆ ತಿರುಗಿದರೆ ಚಿತ್ರದ ಭಯವೇ ಕರಗಿಹೋಗುತ್ತದೆ. ಎಲ್‌ಸಿಡಿ ತೆರೆಯಲ್ಲಿ ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಮುಂದಿನ ಹರಳು ಅದನ್ನು ತಡೆಯಬೇಕು. ಐಪಿಎಸ್ ಬಗೆಯ ಫಲಕ ತಡೆಯುವುದು ಸುಮಾರು ಸಾವಿರಕ್ಕೆ ಒಂದರ ಮಟ್ಟಿಗೆ. ವಿಎ ಬಗೆಯದು ಮೂರು ಸಾವಿರ ಮತ್ತು ಅದರಾಚೆ, ಆದರೆ ಬದಿಯಿಂದ ನೋಡಿದವರಿಗೆ ಬಣ್ಣ ಪೇಲವವಾಗುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ದೀಪ, ಆರಿದರೆ ಪೂರ್ತಿ ಕಪ್ಪು. ದುಡ್ಡಿದ್ದರೆ ಅದು. ಇಲ್ಲದಿದ್ದರೆ ವಿಎ ಫಲಕದ 43, ಎದುರಿಗೆ ನೇರವಾಗಿ ಕುರ್ಚಿ. ಇಷ್ಟು ಮಾಡಿದವರು ದೊಡ್ಡ ತೆರೆಯ ಬೂದಿಗಿಂತ ಚೆನ್ನಾಗಿ ಆ ಚಿತ್ರವನ್ನು ನೋಡುತ್ತಾರೆ.

ದೂರದ ಲೆಕ್ಕವನ್ನು ಬೇಗ ಮುಗಿಸೋಣ. ಆರೋಗ್ಯವಂತ ಕಣ್ಣಿಗೆ ಎಚ್‌ಡಿಯ ಎಲ್ಲ ವಿವರ ಕಾಣಬೇಕಾದರೆ ತೆರೆಯ ಎತ್ತರದ ಮೂರು ಪಟ್ಟಿಗಿಂತ ತುಸು ಹೆಚ್ಚಿನ ದೂರದೊಳಗೆ ಕೂರಬೇಕು. 43 ಇಂಚಿಗೆ ಅದು ಐದೂವರೆ ಅಡಿ, 55ಕ್ಕೆ ಏಳು. 4ಕೆಯ ಎಲ್ಲ ವಿವರ ಕಾಣಲು ಅದರ ಅರ್ಧಕ್ಕೆ ಹತ್ತಿರ ಬರಬೇಕು. ಕೋಥರೂಡಿನ ಫ್ಲ್ಯಾಟುಗಳಲ್ಲಿ ಸೋಫಾ ಗೋಡೆಗೆ ಆನಿಸಿ ಒಂಬತ್ತು ಅಡಿ ದೂರದಲ್ಲಿ ಕೂತವರಿಗೆ 43 ಇಂಚಿನಲ್ಲಿ ಎಚ್‌ಡಿ, 4ಕೆ ಎರಡೂ ಒಂದೇ. ಕುರ್ಚಿಯನ್ನು ಮುಂದೆ ಎಳೆಯುವುದಕ್ಕೆ ಖರ್ಚಿಲ್ಲ. ಟಿವಿಯನ್ನು ಗೋಡೆಯ ಮೇಲೆ ದೇವರ ಪಟದ ಎತ್ತರಕ್ಕೆ ಹೊಡೆಸಬೇಡಿ; ಕೂತಾಗ ಕಣ್ಣಿನ ಮಟ್ಟಕ್ಕೆ ತೆರೆಯ ನಡುಭಾಗ ಬರಲಿ.

ಧಾರಾವಾಹಿಯ ಪ್ರೇಕ್ಷಕರಿಗೆ ಬೇಕಾದದ್ದು ಟಿವಿಗಿಂತ ಮೊದಲು ಎಚ್‌ಡಿ ಸಂಕೇತ. 2016ರಲ್ಲಿ ಕಲರ್ಸ್ ಕನ್ನಡ ಎಚ್‌ಡಿ ಬಂದ ಮೇಲೆ ಉಳಿದ ಕನ್ನಡ ಮನರಂಜನಾ ವಾಹಿನಿಗಳೂ ಆ ದಾರಿ ಹಿಡಿದವು. 2019ರ ಫೆಬ್ರುವರಿಯಲ್ಲಿ ಟ್ರಾಯ್‌ನ ಹೊಸ ದರ ನಿಯಮ ಜಾರಿಯಾದಾಗ, ಮರಾಠಿ-ಹಿಂದಿ ಪ್ಯಾಕಿನ ನಡುವೆ ಬೇಕಾದ ಕನ್ನಡ ವಾಹಿನಿಯನ್ನು ಬಿಡಿಯಾಗಿ ಆರಿಸುವ ಹಕ್ಕು ಪುಣೆಯವರಿಗೂ ಸಿಕ್ಕಿತು. ಪ್ಯಾಕಿನಲ್ಲಿ ಬರುವುದು ಎಚ್‌ಡಿಯೋ ಸಾಧಾರಣವೋ ಒಮ್ಮೆ ನೋಡಿ. ಸೆಟ್‌ಟಾಪ್ ಬಾಕ್ಸಿನಿಂದ ಕೆಂಪು-ಬಿಳಿ-ಹಳದಿ ತಂತಿ ಹೊರಟಿದ್ದರೆ ಎಷ್ಟು ದೊಡ್ಡ ಟಿವಿ ತಂದರೂ ನೀವು ನೋಡುತ್ತಿರುವುದು 576 ಗೆರೆಯನ್ನೇ. ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ ಸಾಧಾರಣ ಎಚ್‌ಡಿಎಂಐ ತಂತಿ ಕೊಂಡರೆ ಸಾಕು. ಚಿನ್ನದ ಲೇಪದ ದುಬಾರಿ ತಂತಿಯಲ್ಲಿ ಚಿತ್ರ ಒಂದಿಷ್ಟೂ ಸುಧಾರಿಸುವುದಿಲ್ಲ. ಜುಲೈ ಮಳೆಯ ವಿಷಯಕ್ಕೆ ಮಾತ್ರ ಪರಿಹಾರವಿಲ್ಲ. ಸಿಂಹಗಡದ ಅನಲಾಗ್ ಚಿತ್ರ ಸಂಕೇತ ಕ್ಷೀಣಿಸಿದಂತೆ ನಿಧಾನವಾಗಿ ಹಿಮ ಮುಸುಕಿದಂತಾಗುತ್ತಿತ್ತು, ಮಾತು ಕೇಳುತ್ತಲೇ ಇತ್ತು. ಉಪಗ್ರಹದ ಕೆಯು ಬ್ಯಾಂಡ್ ಅಲೆಯನ್ನು ದಟ್ಟ ಮಳೆ ಹೀರಿಕೊಂಡಾಗ ಡಿಜಿಟಲ್ ಚಿತ್ರ ಒಮ್ಮೆಲೇ ನಿಲ್ಲುತ್ತದೆ. ಡಿಶ್ ಛತ್ರಿ ನೋಡುವುದು ಆಗ್ನೇಯಕ್ಕೆ. ಅತ್ತ ಬಾಲ್ಕನಿ ಇಲ್ಲದವರು ತಾರಸಿಯಲ್ಲಿ ಜಾಗ ಕೇಳಿಕೊಂಡು ಬಿಗಿಯಾಗಿ ಹಾಕಿಸಬೇಕು.

ಇನ್ನು ಧ್ವನಿ. ತೆರೆ ತೆಳ್ಳಗಾದಷ್ಟೂ ಅದರ ಸ್ಪೀಕರು ಬಡವಾಗಿದೆ. ನೆಲಕ್ಕೋ ಗೋಡೆಗೋ ಮುಖ ಮಾಡಿರುತ್ತದೆ. ಗಂಡು ಕಂಠದ ಷಡ್ಜ 130-140 ಹರ್ಟ್ಸಿನ ಆಸುಪಾಸು, ತಂಬೂರಿಯ ಖರಜದ ತಂತಿ ಅದರ ಅರ್ಧ. ಆ ಅರ್ಧವನ್ನು ನುಡಿಸುವ ಶಕ್ತಿ ಆ ಪುಟ್ಟ ಸ್ಪೀಕರುಗಳಿಗಿಲ್ಲ. ಹಾಗಾಗಿ ಎಚ್‌ಡಿ ತೆರೆಯ ಮೇಲೆ ಎರಡು ತಂಬೂರಿಗಳ ನಡುವೆ ಕೂತ ಭೀಮಸೇನರು ಕಾಣುತ್ತಾರೆ, ತಂಬೂರಿಯ ತುಂಬು ನಾದ ಕೇಳುವುದಿಲ್ಲ. 55ಕ್ಕೆ ಎಂದು ತೆಗೆದಿಟ್ಟ ಹಣದಲ್ಲಿ 43 ಕೊಳ್ಳಿ. ಉಳಿದದ್ದರಲ್ಲಿ ಒಂದು ಸಣ್ಣ ಆಂಪ್ಲಿಫೈಯರು, ಎರಡು ಪುಸ್ತಕದ ಕಪಾಟಿನ ಅಳತೆಯ ಸ್ಪೀಕರು ತಂದು, ತೆರೆಯ ಎರಡು ಬದಿಗೆ, ಕೂತವರ ಕಿವಿಯ ಎತ್ತರಕ್ಕೆ ಇಟ್ಟು, ಟಿವಿಯ ಆಪ್ಟಿಕಲ್ ಕಿಂಡಿಯಿಂದ ತಂತಿ ಕೊಡಿ. ಟಿವಿಯ 'ಸರೌಂಡ್', 'ಮಾತು ಸ್ಪಷ್ಟ' ಎಂಬಂಥ ಧ್ವನಿ ಸಂಸ್ಕಾರಗಳನ್ನು ಆಫ್ ಮಾಡಿ, ಮೊದಲು ಆಲಾಪವನ್ನೇ ಹಾಕಿ ನೋಡಿ. ಖರಜ ಎದೆಗೆ ತಟ್ಟಿದರೆ ಜೋಡಣೆ ಸರಿಯಾಗಿದೆ. ಇಲ್ಲದಿದ್ದರೆ ಸ್ಪೀಕರುಗಳನ್ನು ಗೋಡೆಯತ್ತ ಒಂದು ಗೇಣು ಸರಿಸಿ ಮತ್ತೆ ಕೇಳಿ.