ಪಳಗದ ನೀರಿಗೆ ಮೀನು

ಹೊಸ ಅಕ್ವೇರಿಯಂ ಮನೆಗೆ ಬಂದ ದಿನವೇ ನೀರು ತುಂಬಿ, ಬಣ್ಣದ ಕಲ್ಲು ಹಾಸಿ, ಸಂಜೆಯೊಳಗೆ ನಾಲ್ಕು ಗೋಲ್ಡ್ ಫಿಶ್ ಬಿಡುವುದು ರೂಢಿಯಾಗಿಬಿಟ್ಟಿದೆ. ಇದಕ್ಕೊಂದು ಸಮರ್ಥನೆಯೂ ಇದೆ: ನೀರನ್ನು ಹಸನಾಗಿಡುವ ಬ್ಯಾಕ್ಟೀರಿಯ ಬೆಳೆಯಲು ಹೊಲಸು ಬೇಕು, ಹೊಲಸಿಗೆ ಮೀನು ಬೇಕು. ಹವ್ಯಾಸಿಗಳು ಇದನ್ನು ಮೀನಿಟ್ಟುಕೊಂಡೇ ತೊಟ್ಟಿ ‘ಸೈಕಲ್’ ಮಾಡುವುದು, ಅಂದರೆ ಪಳಗಿಸುವುದು, ಎನ್ನುತ್ತಾರೆ. ಈ ತರ್ಕದ ಮೊದಲರ್ಧ ಸರಿ, ಉಳಿದರ್ಧ ತಪ್ಪು. ಬ್ಯಾಕ್ಟೀರಿಯಕ್ಕೆ ಬೇಕಾದದ್ದು ಅಮೋನಿಯ. ಅದು ಮೀನಿನಿಂದಲೇ ಬರಬೇಕೆಂದೇನಿಲ್ಲ. ಅದರಲ್ಲೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯವರು ಈ ಪದ್ಧತಿಯನ್ನು ಕೈಬಿಡಲು ಬೇರೆಯವರಿಗಿಂತ ಹೆಚ್ಚಿನ ಕಾರಣವಿದೆ. ಆ ಕಾರಣ ಇಲ್ಲಿನ ನೀರಿನಲ್ಲೇ ಇದೆ.

ಮೀನು ತಾನು ಹೊರಹಾಕುವ ಅಮೋನಿಯದ ಬಹುಪಾಲನ್ನು ಕಿವಿರುಗಳ ಮೂಲಕವೇ ಬಿಡುತ್ತದೆ. ಕೆರೆಯಲ್ಲಿ ಅದು ಕರಗಿ ಹೋಗುತ್ತದೆ. ಐವತ್ತು ಲೀಟರಿನ ಗಾಜಿನ ತೊಟ್ಟಿಯಲ್ಲಿ ಹೋಗಲು ಜಾಗವಿಲ್ಲ. ಒಂದು ಬಗೆಯ ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇವೇ ಜೀವಿಗಳ ಬಳಗ ತೋಟದ ಮಣ್ಣಿನಲ್ಲೂ ಗೊಬ್ಬರವನ್ನು ಬೇರಿಗೆ ಒದಗಿಸುತ್ತದೆ. ಸೂಕ್ಷ್ಮಜೀವಿ ವಿಜ್ಞಾನಿ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಅವನ್ನು ಮಣ್ಣಿನಿಂದಲೇ ಬೇರ್ಪಡಿಸಿ ತೋರಿಸಿದ. ಆದರೆ ಅವು ನಿಧಾನವಾಗಿ ಬೆಳೆಯುವಂಥವು. ಹೊಸ ತೊಟ್ಟಿಯ ಫಿಲ್ಟರಿನಲ್ಲಿ ಎರಡೂ ಬಗೆಯವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ತನ್ನ ವಿಷದಲ್ಲೇ ಉಸಿರಾಡಬೇಕು. ಮೂರನೆಯ ನಾಲ್ಕನೆಯ ದಿನ ನೀರು ಹಾಲು ಬೆರೆಸಿದಂತೆ ಮಬ್ಬಾಗುತ್ತದೆ, ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ, ಕಿವಿರು ಕೆಂಪೇರುತ್ತದೆ, ರೆಕ್ಕೆಗಳು ಮೈಗೆ ಅಂಟಿಕೊಳ್ಳುತ್ತವೆ. ಗಾಬರಿಯಾದ ಮನೆಯವರು ನೀರೆಲ್ಲ ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ಬ್ಲೀಚಿಂಗ್ ಪೌಡರ್ ಬೆರೆತ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯುತ್ತಾರೆ. ಆಗಷ್ಟೇ ಚಿಗುರಿದ್ದ ಬ್ಯಾಕ್ಟೀರಿಯ ಸತ್ತು, ಎಲ್ಲವೂ ಮೊದಲಿಗೆ ಬರುತ್ತದೆ.

ಈಗ ಇಲ್ಲಿನ ನೀರಿಗೆ ಬರೋಣ. ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುವ ಕೊಳವೆಬಾವಿಯ ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ವಾಲಿರುತ್ತದೆ. ಹೊರಬಂದು ಗಾಳಿಗೆ ತೆರೆದುಕೊಂಡ ಮೇಲೆ ಅದರ ಪಿಎಚ್ ಇನ್ನಷ್ಟು ಏರುತ್ತದೆ. ಅಮೋನಿಯದ ಕ್ರೌರ್ಯ ನಿಂತಿರುವುದು ಈ ಪಿಎಚ್ ಮೇಲೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯದಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟೇ ನೇರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಆ ಪಾಲು 5ನ್ನು ದಾಟುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ತಡೆದುಕೊಂಡ ಮೀನು ಇಲ್ಲಿ ತಡೆಯದಿರಬಹುದು. ಅದೇ ನೀರಿಗೆ ಇನ್ನೊಂದು ಗುಣವೂ ಉಂಟು: ಈ ಬ್ಯಾಕ್ಟೀರಿಯಗಳಿಗೆ ತುಸು ಕ್ಷಾರವೇ ಹಿತ. ನಮ್ಮ ಬೆಚ್ಚನೆಯ ಹವೆಯೂ ಅವಕ್ಕೆ ಅನುಕೂಲ. ಅಂದರೆ ಮೀನನ್ನು ಸಂಕಟಕ್ಕೆ ತಳ್ಳುವ ಇದೇ ನೀರು, ಮೀನಿಲ್ಲದ ತೊಟ್ಟಿಯನ್ನು ಬೇಗ ಪಳಗಿಸುತ್ತದೆ. ಮೊದಲು ನೀರು, ಆಮೇಲೆ ಮೀನು ಎಂಬ ಕ್ರಮಕ್ಕೆ ಈ ಸೀಮೆ ಹೇಳಿ ಮಾಡಿಸಿದಂತಿದೆ.

ಮನೆಯ ಸಿಮೆಂಟು ತೊಟ್ಟಿಗೆ ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಗಪ್ಪಿ ಮೀನುಗಳು ಬದುಕಿ ಸಂಸಾರ ಮಾಡುತ್ತವಲ್ಲ ಎಂದು ಕೇಳಬಹುದು. ಆ ತೊಟ್ಟಿಯಲ್ಲಿ ನೂರಾರು ಲೀಟರು ನೀರಿಗೆ ಬೆರಳೆಣಿಕೆಯ ಮೀನು. ಪಾಚಿ ಹಿಡಿದ ಹಳೆಯ ಗೋಡೆ ಅಮೋನಿಯವನ್ನು ಹೀರುತ್ತದೆ, ಅದಕ್ಕೆ ಅಂಟಿಕೊಂಡೇ ಬ್ಯಾಕ್ಟೀರಿಯ ಇರುತ್ತದೆ. ದಿನಕ್ಕೆರಡು ಹೊತ್ತು ಕಾಳು ಸುರಿಯುವವರಿಲ್ಲ. ಅದು ವರ್ಷಗಳಿಂದ ಪಳಗಿದ ನೀರು. ಎಷ್ಟೋ ಮೀನು ಹೊಸ ತೊಟ್ಟಿಯಲ್ಲೂ ಉಳಿಯುತ್ತವೆ ಎಂಬ ಮಾತು ನಿಜ, ಆದರೆ ಉಳಿದದ್ದು ನೊಂದಿಲ್ಲ ಎನ್ನಲಾಗದು. ಸುಟ್ಟ ಕಿವಿರು ಹೊತ್ತ ಮೀನು ಮುಂದಿನ ರೋಗಕ್ಕೆ ಸುಲಭದ ತುತ್ತು. ಮೀನಿಲ್ಲದೆ ತೊಟ್ಟಿ ಪಳಗಿಸಲು ಖರ್ಚು ಎಂಬ ಆಕ್ಷೇಪ ಮಾತ್ರ ತೂಕದ್ದು. ಆದರೆ ಖಾಲಿ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಕಾಳು ಹಾಕಿ ಕೊಳೆಯಬಿಟ್ಟರೂ ಅಮೋನಿಯ ಸಿಗುತ್ತದೆ. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ತಂದು ಫಿಲ್ಟರಿನಲ್ಲಿಟ್ಟರೆ ಹಾಲಿಗೆ ಹೆಪ್ಪು ಹಾಕಿದಂತೆ, ವಾರಗಳೇ ಉಳಿಯುತ್ತವೆ. ಕೊಳ್ಳಲೇಬೇಕಾದದ್ದು ಅಮೋನಿಯ, ನೈಟ್ರೈಟ್ ಅಳೆಯುವ ಕಿಟ್ ಒಂದೇ.

ಅರಿಯದೆ ಮೀನು ಬಿಟ್ಟಾಗಿದ್ದರೆ ಅದನ್ನು ಉಳಿಸುವ ದಾರಿಯೂ ಇದೆ, ಮೀನಿಟ್ಟುಕೊಂಡು ತೊಟ್ಟಿ ಪಳಗಿಸುವುದಕ್ಕೆ ಒಪ್ಪಬಹುದಾದ ಸಂದರ್ಭ ಅದೊಂದೇ. ದಿನ ಬಿಟ್ಟು ದಿನ, ಅದೂ ಸ್ವಲ್ಪವೇ ಆಹಾರ ಕೊಡಬೇಕು. ಅಮೋನಿಯ ಲೀಟರಿಗೆ 0.25 ಮಿಲಿಗ್ರಾಂ ದಾಟಿದ ದಿನ ಮೂರರಲ್ಲೊಂದು ಪಾಲು ನೀರನ್ನು ಕ್ಲೋರಿನ್ ಕಳೆದ ನೀರಿನಿಂದ ಬದಲಿಸಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಇದು ವಾರಗಟ್ಟಲೆ ನಡೆಯುವ ಶುಶ್ರೂಷೆ. ಶುಶ್ರೂಷೆ ಬೇಕಾಗುವಂಥ ಸ್ಥಿತಿಯನ್ನೇ ಪದ್ಧತಿ ಎಂದು ಕಲಿಸಬಾರದು. ಕಾಯುವುದು ಇಲ್ಲಿಯವರಿಗೆ ಹೊಸತೂ ಅಲ್ಲ: ಉಂಡೆ ಕೊಬ್ಬರಿಗಾಗಿ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುವ ಸೀಮೆ ಇದು. ಸಿಪ್ಪೆ ನೋಡಿ ಯಾರೂ ಕೊಬ್ಬರಿಯಾಯಿತು ಎನ್ನುವುದಿಲ್ಲ. ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟುಕೊಂಡ ಸದ್ದು ಕೇಳಿದ ಮೇಲೆಯೇ ಸುಲಿಯುತ್ತಾರೆ. ತಿಳಿಯಾಗಿ ಹೊಳೆಯುವ ನೀರೂ ಆ ಸಿಪ್ಪೆಯಂತೆ, ಒಳಗಿನದೇನನ್ನೂ ಹೇಳದು. ಹಾಕಿದ ಅಮೋನಿಯ ಕರಗಿ, ನೈಟ್ರೈಟೂ ಸೊನ್ನೆಗೆ ಇಳಿದು, ಕಿಟ್ ಅದನ್ನು ತೋರಿಸಿದ ದಿನ ಎರಡೇ ಎರಡು ಮೀನು ಬಿಡಿ.