ಬೆನ್ನಿಗೆ ಎಣ್ಣೆ ಹಚ್ಚುವವರು

ಎಣ್ಣೆನೀರು ಹಾಕಿಕೊಳ್ಳಲು ಅರ್ಧ ದಿನದ ಬಿಡುವು ಬೇಕು. ಅಷ್ಟು ಬಿಡುವಿಲ್ಲದವರು ಅದರ ತಂಟೆಗೆ ಹೋಗದೆ ನಾಲ್ಕು ಚೊಂಬು ನೀರು ಸುರಿದುಕೊಂಡು ಕೆಲಸಕ್ಕೆ ಹೊರಡುವುದೇ ವಾಸಿ. ಹಿಂದಿನವರು ಗಂಡಸರಿಗೆ ಶನಿವಾರ, ಹೆಂಗಸರಿಗೆ ಮಂಗಳವಾರ, ಶುಕ್ರವಾರ ಎಂದು ವಾರ ಗೊತ್ತುಮಾಡಿದ್ದರು. ಅದಕ್ಕೆ ಅವರು ಕೊಡುತ್ತಿದ್ದ ಶಾಸ್ತ್ರ ಏನೇ ಇರಲಿ, ಒಂದು ಅನುಕೂಲವಂತೂ ಇತ್ತು. ಮನೆಯಲ್ಲಿ ಒಬ್ಬರು ಎಣ್ಣೆ ಹಚ್ಚಿಸಿಕೊಂಡು ಕೂತ ದಿನ ಹಚ್ಚುವುದಕ್ಕೆ ಇನ್ನೊಬ್ಬರ ಕೈ ಬಿಡುವಾಗಿರುತ್ತಿತ್ತು. ಬೆನ್ನ ನಡುಭಾಗಕ್ಕೆ ತಾನೇ ಎಣ್ಣೆ ಹಚ್ಚಿಕೊಳ್ಳಬಲ್ಲವರನ್ನು ನಾನಿನ್ನೂ ಕಂಡಿಲ್ಲ.

ಮಲೆನಾಡಿನ ತಾಲ್ಲೂಕು ಊರಿನಲ್ಲಿ ವೈದ್ಯನಾಗಿರುವವನಿಗೆ ಚಳಿ ಶುರುವಾದೊಡನೆ ಎದುರಾಗುವ ಪ್ರಶ್ನೆ ಒಂದಿದೆ. ‘ಎಣ್ಣೆನೀರು ಹಾಕ್ಕೊಂಡ್ರೆ ಒಳ್ಳೇದಾ ಡಾಕ್ಟ್ರೇ?’ ರಕ್ತಸಂಚಾರ, ಕಣ್ಣಿನ ತಂಪು, ಕೂದಲ ಬುಡ ಎಂದೆಲ್ಲ ನಾನು ಹೇಳಲಿ ಎಂದು ಕಾಯುತ್ತಾರೆ. ‘ಹಾಯಾಗಿರುತ್ತೆ, ಹಾಕ್ಕೊಳ್ಳಿ’ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ಈಚೆಗೆ ಪ್ರತಿಯೊಂದು ಸುಖಕ್ಕೂ ವೈದ್ಯರ ಸಹಿ ಬೇಕಾಗಿದೆ. ಎಳೆಬಿಸಿಲಿಗೆ ಕೂರುವುದು ವಿಟಮಿನ್ ಡಿಗಾಗಿ, ಗೆಳೆಯರ ಜೊತೆ ನಡೆಯುವುದು ಸಕ್ಕರೆ ಇಳಿಯಲಿ ಎಂದು. ಹಾಯೆನಿಸುವುದೇ ಒಂದು ಕಾರಣವಾಗಬಾರದೇಕೆ? ನೋವು ಎಂದು ಬಂದವರಿಗೆ ನೋವನ್ನು ಕಳೆಯುವುದೇ ಕೆಲಸ ಎಂದುಕೊಂಡ ನನ್ನಂಥವನಿಗೆ ಸುಖವೂ ಅಷ್ಟೇ ದೊಡ್ಡ ಸಂಗತಿ.

ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಇದನ್ನು ಚೆನ್ನಾಗಿ ಬಲ್ಲವನು. 12ನೇ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳಿಗೇ ಒಂದು ಇಡೀ ಭಾಗ ಮೀಸಲಾಗಿದೆ. ಮನೆ, ತಾಂಬೂಲ, ಊಟ, ಹಾಸಿಗೆಗಳ ಸಾಲಿನಲ್ಲಿ ಸ್ನಾನವೂ ಕೂತಿದೆ, ಪಾದಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವುದು ಬೇರೆಯೇ ಒಂದು ಭೋಗವಾಗಿ ಬಂದಿದೆ. ವಾಗ್ಭಟನ ‘ಅಷ್ಟಾಂಗಹೃದಯ’ ಅಭ್ಯಂಗವನ್ನು ದಿನಚರ್ಯೆಗೆ ಸೇರಿಸಿ ತಲೆ, ಕಿವಿ, ಪಾದಗಳಿಗೆ ಮುಖ್ಯವಾಗಿ ಹಚ್ಚಬೇಕೆಂದು ವಿಧಿಸುತ್ತದೆ, ಅಜೀರ್ಣವಿದ್ದವರಿಗೆ ಬೇಡ ಎನ್ನುತ್ತದೆ. ಅದು ವೈದ್ಯನ ಮಾತು. ನನಗೆ ಈ ವಿಷಯದಲ್ಲಿ ಅರಸನ ಪಟ್ಟಿಯೇ ಹೆಚ್ಚು ಇಷ್ಟ.

ಇನ್ನು ಎಣ್ಣೆಯ ವಿಚಾರ. ಹರಳೆಣ್ಣೆಯನ್ನು ಮೆಚ್ಚುವವರ ನಿಷ್ಠೆ ದೊಡ್ಡದು. ಅದರ ನೂರಕ್ಕೆ ಸುಮಾರು 90 ಭಾಗ ರಿಸಿನೋಲಿಕ್ ಆಮ್ಲ. ಆ ಅಂಟು, ಆ ಭಾರ ಅದರದೇ ಕೊಡುಗೆ. ನೆತ್ತಿಯ ಮೇಲೆ ಒಂದು ಹಿಡಿ ಹರಳೆಣ್ಣೆ ಇಟ್ಟು ಅಂಗೈಯಿಂದ ತಟ್ಟಿಸಿಕೊಂಡವರಿಗೆ ಅದರ ತೂಕವೇ ಒಂದು ಸುಖ ಎಂದು ಗೊತ್ತು. ಆದರೆ ಮೈಗೆ ಅದು ಹೆಚ್ಚಾಯಿತು. ಎಳ್ಳೆಣ್ಣೆ ಬೆಚ್ಚಗೆ ಹರಡುತ್ತದೆ, ವಾಸನೆ ಕೆಲವರಿಗೆ ಆಗದು. ನನ್ನ ಆಯ್ಕೆ ಗಾಣದ ಕೊಬ್ಬರಿ ಎಣ್ಣೆ. 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು, ಬಿಳಿ ಕರಗಿ ತಿಳಿಯಾಗುವುದನ್ನು ಕಾಯುವ ಹೊತ್ತು ಸ್ನಾನದ್ದೇ ಭಾಗ. ಅದರಲ್ಲಿರುವ ಲಾರಿಕ್ ಆಮ್ಲ ಕೂದಲೆಳೆಯ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡುತ್ತದೆ. ಅಂಗಡಿಯ ಖನಿಜ ತೈಲಕ್ಕೆ ಆ ಗುಣವಿಲ್ಲ, ಅದು ಮೇಲೆಯೇ ಉಳಿಯುತ್ತದೆ.

ಎಣ್ಣೆ ಯಾವುದಾದರೂ ಆಗಬಹುದು, ಹಚ್ಚುವ ಕೈಗೆ ಆತುರ ಇರಬಾರದು. ನಮ್ಮ ಚರ್ಮದಲ್ಲಿ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವ ನರಗಳು ಒಂದೇ ಬಗೆಯವಲ್ಲ. ಒಂದು ಬಗೆಯವು ಅತಿವೇಗದವು. ಏನು ತಾಗಿತು, ಎಲ್ಲಿ ತಾಗಿತು ಎಂದು ಕ್ಷಣದಲ್ಲಿ ತಿಳಿಸುತ್ತವೆ. ಇನ್ನೊಂದು ಬಗೆಯ ಸಣ್ಣ ನರಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ನಿಧಾನವಾಗಿ ಹೋಗುತ್ತದೆ. ಸ್ವೀಡನ್ನಿನ ಓಕೆ ವಾಲ್ಬೊ, ಹೋಕನ್ ಉಲಾಸನ್ ಮತ್ತವರ ಸಂಗಡಿಗರು 1990ರ ದಶಕದಿಂದ ಇವುಗಳ ಬೆನ್ನು ಹತ್ತಿದರು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಹಗುರವಾಗಿ, ಮೈಯಷ್ಟೇ ಬೆಚ್ಚಗಿರುವ ಏನಾದರೂ ಸವರಿಕೊಂಡು ಹೋದಾಗ ಈ ನರಗಳು ಚೆನ್ನಾಗಿ ಮಿಡಿಯುತ್ತವೆ ಎಂದು ಕಂಡುಬಂತು. ಯಾವ ವೇಗದಲ್ಲಿ ಅವು ಹೆಚ್ಚು ಮಿಡಿಯುತ್ತವೋ ಅದೇ ವೇಗವನ್ನು ಜನ ‘ಹಿತವಾಗಿದೆ’ ಎಂದು ಗುರುತಿಸಿದರು. ಇವು ಬೆನ್ನು, ತೋಳು, ಕಾಲುಗಳಂಥ ರೋಮವಿರುವ ಚರ್ಮದಲ್ಲಿ ಹೇರಳವಾಗಿವೆ, ಅಂಗೈಯಲ್ಲಿ ತೀರ ಅಪರೂಪ. ಅಜ್ಜಿ ಎಣ್ಣೆ ಕೈಯಿಂದ ಮೊಮ್ಮಗುವಿನ ಬೆನ್ನನ್ನು ಕತ್ತಿನಿಂದ ಸೊಂಟದವರೆಗೆ ಸವರುವ ಗತಿಯನ್ನು ಗಮನಿಸಿ. ಪ್ರಯೋಗಾಲಯದವರು ಕುಂಚ ಹಿಡಿದು ಅಳೆದು ಕಂಡುಕೊಂಡ ಗತಿ ಹೆಚ್ಚುಕಡಿಮೆ ಅದೇ.

ಇನ್ನೊಬ್ಬರ ಕೈ ಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ತನ್ನ ಕೈಯಿಂದ ತನ್ನ ಮೈ ಸವರಿಕೊಂಡಾಗ ಆ ಸ್ಪರ್ಶ ಬರುವುದು ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ಅರ್ಧ ಸುಖ ಅಲ್ಲಿಗೇ ಹೋಯಿತು.

ಹಚ್ಚಿದ ಮೇಲೆ ಎಣ್ಣೆ ಇಂಗಬೇಕು. ಹಳೇ ಪಂಚೆ ಸುತ್ತಿಕೊಂಡು ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಕೂರುವ ಈ ಮುಕ್ಕಾಲು ಗಂಟೆಯನ್ನು ದಯವಿಟ್ಟು ಉಳಿಸಿಕೊಳ್ಳಿ. ಎಣ್ಣೆ ಕೈಯಲ್ಲಿ ಫೋನು ಹಿಡಿಯಲಾಗದು, ಪುಸ್ತಕ ಮುಟ್ಟಲಾಗದು, ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ದೊಡ್ಡವರು ಏನೂ ಮಾಡದೆ ಸುಮ್ಮನೆ ಕೂರುವುದಕ್ಕೆ ಮನೆಮಂದಿಯೆಲ್ಲ ಒಪ್ಪುವ ಸಂದರ್ಭ ಬೇರೆ ಎಷ್ಟಿವೆ?

ಆಮೇಲೆ ನೀರು. ತಾಮ್ರದ ಹಂಡೆಯಲ್ಲಿ ಕಾದ ನೀರಿಗೂ ಗೀಸರಿನ ನೀರಿಗೂ ವ್ಯತ್ಯಾಸವಿದೆ ಎನ್ನುವವರ ಪಕ್ಷ ನನ್ನದು. ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ ಉರಿದ ಹೊಗೆಯ ವಾಸನೆ ಬಚ್ಚಲುಮನೆಯ ನೀರಿಗೂ ಗೋಡೆಗೂ ಹಿಡಿದಿರುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ನೀರು ತುಂಬಿಟ್ಟರೆ ಮರುದಿನ ನರಕ ಚತುರ್ದಶಿಯ ನಸುಕಿಗೆ ಇಡೀ ಮನೆಗೆ ಎಣ್ಣೆನೀರು. ಆ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆಗೆ ಉರಿ ಹಾಕಿದವರು ಹೆಂಗಸರು. ಒಂದು ಬೀಡಿಯನ್ನೂ ಸೇದದ ಎಷ್ಟೋ ಹೆಂಗಸರ ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ, ದಶಕಗಳ ಕಾಲ ಬೀಡಿ ಸೇದಿದವರ ಎದೆಯಲ್ಲಿ ಕೇಳುವ ಸಿಳ್ಳೆಯೇ ಕೇಳಿಸುತ್ತದೆ. ಒಲೆಯ ಹೊಗೆ ಅವರ ಶ್ವಾಸಕೋಶವನ್ನು ಹಾಗೆ ಮಾಡಿದೆ. ಹಂಡೆ ನೀರಿನ ಸುಖ ಬೇಕೆನ್ನುವ ಗಂಡಸರು ಒಲೆಗೆ ಗಾಳಿಗೂಡು ಕಟ್ಟಿಸಲಿ, ಊದುಗೊಳವೆಯನ್ನು ತಾವೇ ಹಿಡಿಯಲಿ.

ನೀರು ಎಷ್ಟು ಬಿಸಿ ಇರಬೇಕು ಎನ್ನುವುದಕ್ಕೆ ಲೆಕ್ಕ ಉಂಟು. 2021ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬಿಸಿಯನ್ನೂ ಸ್ಪರ್ಶವನ್ನೂ ಗ್ರಹಿಸುವ ಪ್ರೋಟೀನುಗಳನ್ನು ಕಂಡುಹಿಡಿದವರು. ಜೂಲಿಯಸ್ ಗುರುತಿಸಿದ ಟಿಆರ್‌ಪಿವಿ1 ಎನ್ನುವ ಪ್ರೋಟೀನು ಸುಮಾರು 43 ಡಿಗ್ರಿಗೆ ಎಚ್ಚರಗೊಂಡು ‘ಸುಡುತ್ತಿದೆ’ ಎಂದು ಕೂಗುತ್ತದೆ. ನೀರು ಆ ಗೆರೆಯ ಕೆಳಗೆ, 40–41ರ ಆಸುಪಾಸಿನಲ್ಲಿ ನಿಂತರೆ ಸುಖ. ಮೊದಲ ಚೊಂಬು ಬೆನ್ನ ಮೇಲೆ ಬೀಳುವಾಗ ‘ಹಾ’ ಎನ್ನಿಸಬೇಕು, ‘ಅಯ್ಯೋ’ ಎನ್ನಿಸಬಾರದು. ಎಳೆಮಕ್ಕಳಿಗೂ ವಯಸ್ಸಾದವರಿಗೂ ಮೈಯಷ್ಟೇ ಬೆಚ್ಚಗಿದ್ದರೆ ಸಾಕು. ಸುರಿಯುವ ಮೊದಲು ಮೊಣಕೈ ಅದ್ದಿ ನೋಡಿ.

ಸೀಗೆಪುಡಿಯ ಬಗ್ಗೆ ಒಂದೇ ಮಾತು: ಸೋಪು ಕ್ಷಾರ, ಸೀಗೆ ಸೌಮ್ಯ. ಚರ್ಮಕ್ಕೆ ತುಸು ಹುಳಿಯ ಕಡೆಗಿರುವ ಪದರ ಇರುತ್ತದೆ, ಬಾರ್ ಸೋಪು ಅದನ್ನು ಕೆಡಿಸಿ ಮೈಯನ್ನು ಬಿರುಸು ಮಾಡುತ್ತದೆ. ಸೀಗೆಯೋ ಕಡ್ಲೆಹಿಟ್ಟೋ ದಾಸವಾಳದ ಎಲೆಯ ಲೋಳೆಯೋ ಮೇಲಿನ ಎಣ್ಣೆಯನ್ನಷ್ಟೇ ತೆಗೆದು ಸ್ವಲ್ಪ ಜಿಡ್ಡನ್ನು ಉಳಿಸುತ್ತವೆ. ಉಳಿಯಲಿ, ಒಳ್ಳೆಯದೇ.

ಸ್ನಾನವಾದ ಮೇಲೆ ಮೆಣಸಿನ ಸಾರು. ಇದನ್ನು ಗೊತ್ತುಮಾಡಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಬಿಸಿನೀರಿಗೆ ಎಚ್ಚರಗೊಳ್ಳುವ ಆ ಟಿಆರ್‌ಪಿವಿ1 ಪ್ರೋಟೀನನ್ನೇ ಕಾಳುಮೆಣಸಿನ ಪೈಪರಿನ್ ಕೂಡ ತಟ್ಟುತ್ತದೆ. ಮೈಗೆ ಹೊರಗಿನಿಂದ ಬಂದ ಬಿಸಿಯನ್ನು ಸಾರು ಒಳಗಿನಿಂದ ಮುಂದುವರಿಸುತ್ತದೆ. ಬಿಸಿ ಅನ್ನ, ಮೇಲೊಂದು ಚಮಚ ತುಪ್ಪ, ಸುಟ್ಟ ಹಪ್ಪಳ. ಆ ದಿನ ಮೊಸರು ಬೇಡ ಎನ್ನುತ್ತಿದ್ದರು ಹಿರಿಯರು. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಆದರೂ ನನ್ನ ಮನೆಯಲ್ಲಿ ಅಂದು ಮೊಸರು ಬಡಿಸುವುದಿಲ್ಲ. ಸಾರಿನ ಖಾರ ನಾಲಗೆಯ ಮೇಲೆ ಉಳಿದರೇ ಚೆನ್ನ.

ಇಷ್ಟಾದ ಮೇಲೆ ಬರುವ ನಿದ್ದೆಯನ್ನು ಸೋಮಾರಿತನ ಎಂದು ಬೈಯಬಾರದು. ಬಿಸಿನೀರಿಗೆ ಕೈಕಾಲುಗಳ ರಕ್ತನಾಳ ಅರಳುತ್ತವೆ, ಮೈಯೊಳಗಿನ ಶಾಖ ಅವುಗಳ ಮೂಲಕ ಹೊರಗೆ ಹೋಗುತ್ತದೆ, ಒಳಗಿನ ಉಷ್ಣತೆ ನಿಧಾನಕ್ಕೆ ಇಳಿಯುತ್ತದೆ. ಮಿದುಳಿಗೆ ಅದೇ ಮಲಗುವ ಸೂಚನೆ. ಪಾದ ಬೆಚ್ಚಗಿದ್ದರೆ ಬೇಗ ನಿದ್ದೆ ಹತ್ತುತ್ತದೆಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 1999ರಲ್ಲೇ ತೋರಿಸಿದರು. ರಾತ್ರಿ ನಿದ್ದೆ ಬಾರದೆ ಗುಳಿಗೆ ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವುದು, ಮಲಗುವ ಒಂದೆರಡು ಗಂಟೆ ಮುಂಚೆ ಹತ್ತು ನಿಮಿಷ ಬಿಸಿನೀರಿನ ಸ್ನಾನ ಮಾಡಿ ನೋಡಿ ಎಂದು.

ಈ ಸುಖಕ್ಕೆ ಅಪಾಯಗಳೂ ಇವೆ, ಅವನ್ನು ಹೇಳದೆ ಮುಂದೆ ಹೋಗಲಾರೆ. ಗಾಳಿ ಆಡದ ಸಣ್ಣ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇಡಲೇಬೇಡಿ. ಅರೆಬರೆ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಗೀಸರ್ ಹೊರಗಿರಲಿ, ನೀರು ಮಾತ್ರ ಒಳಗೆ ಬರಲಿ. ಎಳೆಮಕ್ಕಳ ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ಪದ್ಧತಿಯನ್ನೂ ನಿಲ್ಲಿಸಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬಲು ಹಟಮಾರಿ ನ್ಯುಮೋನಿಯಾ ಆಗುತ್ತದೆ. ಮತ್ತೆ ನೆಲ: ಹಳೇ ಬಚ್ಚಲಿನ ಹಾಸುಗಲ್ಲು ಒರಟಾಗಿತ್ತು, ಕಾಲು ಹಿಡಿಯುತ್ತಿತ್ತು. ನುಣುಪು ಟೈಲ್ಸಿನ ಮೇಲೆ ಎಣ್ಣೆಗಾಲು ಇಟ್ಟು ಜಾರಿದ ವೃದ್ಧರಿಗೆ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮೊದಲಿನಂತೆ ನಡೆಯುವುದೇ ಇಲ್ಲ. ಬಿಪಿ ಗುಳಿಗೆ ನುಂಗುವವರಿಗೆ ಬಿಸಿನೀರು ಬಿದ್ದಮೇಲೆ ಥಟ್ಟನೆ ಎದ್ದರೆ ತಲೆ ಸುತ್ತುವುದೂ ಉಂಟು. ಮಣೆಯ ಮೇಲೆ ಕೂತು ಸ್ನಾನ ಮಾಡುತ್ತಿದ್ದ ಕಾಲದಲ್ಲಿ ಈ ಭಯ ಕಡಿಮೆ ಇತ್ತು.

ಹೋದ ಚಳಿಯಲ್ಲಿ ಒಬ್ಬ ಅಜ್ಜಿ ಮೈ ತುರಿಕೆ ಎಂದು ಬಂದರು. ವಯಸ್ಸಾದ ಮೇಲೆ ಚರ್ಮದ ಜಿಡ್ಡು ಕಡಿಮೆಯಾಗಿ ಚಳಿಗಾಲದಲ್ಲಿ ಹೀಗಾಗುವುದು ಸಾಮಾನ್ಯ. ಕೈಕಾಲು ನೋಡಿದೆ, ನುಣ್ಣಗಿದ್ದವು; ದಿನಾ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರಂತೆ. ಬೆನ್ನು ನೋಡಿದರೆ ಎರಡು ಭುಜದೆಲುಬಿನ ನಡುವಿನ ಜಾಗ ಮಾತ್ರ ಬಿಳಿಚಿ ಬಿರುಕು ಬಿಟ್ಟಿತ್ತು. ‘ಅಲ್ಲಿಗೆ ಕೈ ಎಟಕಲ್ಲ ಮಗಾ’ ಎಂದರು. ಮಕ್ಕಳು ಬೆಂಗಳೂರಿನಲ್ಲಿ. ತುರಿಕೆಗೆ ಬರೆದುಕೊಡಲು ನನ್ನ ಬಳಿ ಮುಲಾಮು ಇದೆ, ಗುಳಿಗೆ ಇದೆ. ಅವರಿಗೆ ಬೇಕಿದ್ದದ್ದು ವಾರಕ್ಕೊಮ್ಮೆ ಹತ್ತು ನಿಮಿಷ ಬಿಡುವಿರುವ ಒಂದು ಕೈ. ಪಕ್ಕದ ಮನೆಯ ಸೊಸೆಯನ್ನು ಕೇಳೋಣವೇ ಎಂದೆ. ಸಂಕೋಚಪಟ್ಟರು, ಆಮೇಲೆ ಒಪ್ಪಿದರು. ನಾನೇ ಮಾತಾಡಿದೆ. ಆ ಹುಡುಗಿ ನಗುತ್ತ ಒಪ್ಪಿಕೊಂಡಳು.

ಅವರ ಮಗ ಊರಿಗೆ ಬಂದಾಗ ಕರೆಸಿ, ಅವನಿಗೂ ಕಲಿಸಿದೆ. ನಮ್ಮಲ್ಲಿ ಗಂಡುಮಕ್ಕಳಿಗೆ ಎಣ್ಣೆ ಹಚ್ಚಿಸಿಕೊಳ್ಳುವುದು ಗೊತ್ತು, ಹಚ್ಚುವುದನ್ನು ಯಾರೂ ಕಲಿಸಿರುವುದಿಲ್ಲ. ಇದನ್ನು ಓದುವ ಮಗ, ಅಳಿಯ, ಮೊಮ್ಮಗ ಯಾರೇ ಆದರೂ ನಿಮಗೂ ಅದೇ ಪಾಠ. ನೆಲಕ್ಕೆ ಗೋಣಿತಾಟು ಹಾಸಿ, ಅದರ ಮೇಲೆ ಅಲುಗಾಡದ ಸ್ಟೂಲು ಇಟ್ಟು ಕೂರಿಸಿ. ಎಣ್ಣೆಯನ್ನು ಮೊದಲು ನಿಮ್ಮ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಬೆರಳ ತುದಿ ಬೇಡ, ಇಡೀ ಅಂಗೈ ಇಡಿ. ಕತ್ತಿನಿಂದ ಸೊಂಟಕ್ಕೆ ನಿಧಾನವಾಗಿ ಬನ್ನಿ. ಒತ್ತಬೇಡಿ, ಅವರ ಎಲುಬು ಹಗುರ. ಮಾತಾಡಿದರೆ ಕೇಳಿಸಿಕೊಳ್ಳಿ, ಸುಮ್ಮನಿದ್ದರೆ ನೀವೂ ಸುಮ್ಮನಿರಿ. ನೀರು ಬಿಸಿಯಾಗುವುದು ಬೇಡ, ಬೆಚ್ಚಗಿರಲಿ. ಸ್ನಾನವಾದ ಮೇಲೆ ಟವಲಿನಿಂದ ಉಜ್ಜದೆ ಒತ್ತಿ ಒರೆಸಿ, ಬೆನ್ನು ಇನ್ನೂ ಹಸಿಯಿದ್ದಾಗಲೇ ಭುಜದೆಲುಬುಗಳ ನಡುವೆ ಎರಡು ಹನಿ ಎಣ್ಣೆ ಇನ್ನೊಮ್ಮೆ ಸವರಿ.