ಹಳಿಗಿಂತ ಮೊದಲು ಹೆಂಚು

ಈ ವಾರ ನಮ್ಮ ಮಾದರಿ ರೈಲಿನ ನಿಲ್ದಾಣಕ್ಕೆ ಮಂಗಳೂರು ಹೆಂಚಿನ ಮಾಡು ಹೊದಿಸೋಣವೆಂದು ಕಳೆದ ಬಾರಿಯೇ ಹೇಳಿದ್ದೆ. ಹೊದಿಸಿಯೇಬಿಡೋಣ. ಆದರೆ ಮಾಡು ಹತ್ತಿದವನಿಗೆ ಊರೆಲ್ಲ ಕಾಣುತ್ತದೆ, ಕಂಡದ್ದನ್ನು ಆಡದೆ ಇಳಿಯುವ ಸ್ವಭಾವ ನನ್ನದಲ್ಲ ಎನ್ನುವುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತೇ ಇದೆ.

ಮೊದಲು ಲೆಕ್ಕ. ಮಂಗಳೂರು ಹೆಂಚು ಉದ್ದಕ್ಕೆ ಸುಮಾರು 410 ಮಿ.ಮೀ., ಅಗಲಕ್ಕೆ 235. ಸಾಲು ಸಾಲಾಗಿ ಕಚ್ಚಿ ಕೂತಮೇಲೆ ಕಣ್ಣಿಗೆ ಬೀಳುವುದು ಉದ್ದದಲ್ಲಿ ಸುಮಾರು 320, ಅಗಲದಲ್ಲಿ 210 ಮಾತ್ರ. ಎಚ್‌ಓ ಸ್ಕೇಲಿನವರು 87ರಿಂದ ಭಾಗಿಸಿ: ಸಾಲಿನಿಂದ ಸಾಲಿಗೆ 3.7 ಮಿ.ಮೀ., ಹೆಂಚಿನಿಂದ ಹೆಂಚಿಗೆ 2.4. ಇದಕ್ಕೆ ಹಳೆಯ ಲಗ್ನಪತ್ರಿಕೆಯ ಕಾಗದಕ್ಕಿಂತ ಒಳ್ಳೆಯ ಸಾಮಾನು ಇನ್ನೂ ಹುಟ್ಟಿಲ್ಲ. ಐದು ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಮಸಿ ಮುಗಿದ ರೀಫಿಲ್ಲಿನ ಮೂತಿಯಿಂದ 2.4ಕ್ಕೊಂದರಂತೆ ಗೀರು ಒತ್ತಿ, ಸೂರಿನಿಂದ ನೆತ್ತಿಯ ಕಡೆಗೆ ಅಂಟಿಸುತ್ತ ಹೋಗಿ. ಮೇಲಿಂದ ಕೆಳಕ್ಕೆ ಅಂಟಿಸುವವರ ಮನೆಯೊಳಗೆ ಮಳೆ ಸುರಿಯುತ್ತದೆ. ಸ್ಟೇಷನ್ ಮಾಸ್ತರರ ಮನೆಯಾದರೆ ಅಡುಗೆಮನೆಯ ಮೇಲೆ ಒಂದು ಗಾಜಿನ ಹೆಂಚು ಬೇಕೇ ಬೇಕು: ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಚೂರು ಸಾಕು, ಒಳಗೆ ಪುಟ್ಟ ಬಲ್ಬು ಹಾಕಿದ ದಿನ ಅದರ ಬೆಲೆ ತಿಳಿಯುತ್ತದೆ. ಬಣ್ಣ ಹಚ್ಚುವಾಗ ಇಡೀ ಮಾಡಿಗೆ ಒಂದೇ ಕೆಂಪು ಬಳಿಯಬೇಡಿ. ಹಳೆಯ ಹೆಂಚು ಕಪ್ಪಿಗೆ ತಿರುಗಿರುತ್ತದೆ. ಒಡೆದದ್ದನ್ನು ಬದಲಿಸಿದ ಕಡೆ ಮಾತ್ರ ನಾಲ್ಕಾರು ಹೆಂಚು ಹೊಸ ಕಿತ್ತಳೆಗೆಂಪಿನಲ್ಲಿ ಎದ್ದು ಕಾಣುತ್ತವೆ.

ಕಾಲದ ಕಡೆಗೂ ಗಮನ ಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಆ ಮೊದಲ ರೈಲನ್ನು ಮಂಗಳೂರು ಹೆಂಚಿನ ನಿಲ್ದಾಣಕ್ಕೆ ತಂದು ನಿಲ್ಲಿಸುವವರು ಒಂದು ವರ್ಷ ಕಾಯಬೇಕಾಗುತ್ತದೆ.

ಹೆಂಚಿನ ಮಾತು ಇಲ್ಲಿಗೆ ಮುಗಿಯಬಹುದಿತ್ತು. ಮುಗಿಯದಿರಲು ಕಾರಣ ನಮ್ಮ ನಡುವೆ ಬೆಳೆದು ನಿಂತಿರುವ ತ್ರೀಡಿ ಪ್ರಿಂಟರ್ ಪಂಥ. "ಇಷ್ಟೆಲ್ಲ ಕೆತ್ತುತ್ತ ಯಾಕೆ ಕೂರುತ್ತೀರಿ, ಫೈಲು ಇಳಿಸಿಕೊಂಡರೆ ಬೆಳಗಾಗುವುದರೊಳಗೆ ನಿಲ್ದಾಣ ಸಿದ್ಧ" ಎನ್ನುವುದು ಅವರ ವಾದ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ತಾವೇ ಟೇಪು ಹಿಡಿದು ಅಳೆದು, ತಾವೇ ನಕ್ಷೆ ಬರೆದು, ಆಮೇಲೆ ಪ್ರಿಂಟರಿಗೆ ಒಪ್ಪಿಸುವವರ ಮುಂದೆ ನನ್ನ ತಕರಾರು ನಡೆಯುವುದೂ ಇಲ್ಲ. ನನ್ನ ಜಗಳ ಇಳಿಸಿಕೊಂಡ ಫೈಲಿನ ಜೊತೆ. ಆ ಫೈಲು ಬರೆದವನು ಯಾವುದೋ ದೇಶದ ಯಾವುದೋ ಗೋಡೆ ನೋಡಿರುತ್ತಾನೆ. ಇಳಿಸಿಕೊಂಡವನು ಯಾವ ಗೋಡೆಯನ್ನೂ ನೋಡಿರುವುದಿಲ್ಲ.

ಕಿಟ್ಟುಗಳ ಕಥೆಯೂ ಇದೇ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನಲ್ಲಿ 1946ರಲ್ಲಿ ಹುಟ್ಟಿದ ಫಾಲರ್ ಕಂಪನಿ ತನ್ನ ಊರಿನ ಮನೆಗಳನ್ನು ಮಾಡಿ ಮಾರಿತು. ಅದು ಅವರ ಹಕ್ಕು, ಕೆಲಸವೂ ಅಚ್ಚುಕಟ್ಟು. ಆದರೆ ನಮ್ಮ ಅಟ್ಟದ ಮೇಲಿನ ಲೇಔಟಿನಲ್ಲಿ ಮೈಸೂರಿನ ಗಾಡಿ ಹೊರಟು, ಕಡಿದಾದ ಮಾಡಿನ, ಮರದ ತೊಲೆಗಳು ಗೋಡೆಯಲ್ಲಿ ಎದ್ದು ಕಾಣುವ ಜರ್ಮನಿಯ ನಿಲ್ದಾಣದಲ್ಲಿ ನಿಂತು, ಹಿಮ ಜಾರಲೆಂದು ಕಟ್ಟಿದ ಸೂರಿನ ಕೆಳಗೆ ನಮ್ಮ ಜನ ಚಹಾ ಕುಡಿಯುವುದನ್ನು ನೋಡಿದಾಗ ಎಂಜಿನ್ನು ಎಷ್ಟು ಚೆಂದವಿದ್ದರೂ ಮನಸ್ಸು ಒಪ್ಪುವುದಿಲ್ಲ. ಯಾವ ಊರು ಎಂದು ಹೇಳುವುದು ರೈಲಲ್ಲ, ಕಟ್ಟಡ.

ಇದನ್ನು ಮೊದಲು ಮನಗಾಣಿಸಿದವನು ಇಂಗ್ಲೆಂಡಿನ ಜಾನ್ ಅಹೆರ್ನ್. ಅವನ 'ಮಿನಿಯೇಚರ್ ಬಿಲ್ಡಿಂಗ್ ಕನ್‌ಸ್ಟ್ರಕ್ಷನ್' 1950ರಲ್ಲಿ ಬಂತು. ಈ ಅಂಕಣದಲ್ಲಿ ಆ ಪುಸ್ತಕದ ಹೆಸರು ಬಂದಾಗಲೆಲ್ಲ ನಿಟ್ಟುಸಿರುಬಿಡುವ ಓದುಗರಿದ್ದಾರೆ, ಇವತ್ತೂ ಬಿಡಲಿ. ಯುದ್ಧ ಮುಗಿದು ಐದು ವರ್ಷವಾಗಿದ್ದರೂ ಇಂಗ್ಲೆಂಡಿನಲ್ಲಿ ಆಹಾರಕ್ಕಿನ್ನೂ ಪಡಿತರವಿದ್ದ ಕಾಲ ಅದು. ಅಹೆರ್ನ್‌ನ ಸಾಮಾನೆಂದರೆ ರಟ್ಟು, ಮರದ ಚೂರು, ಅಂಟು, ಬಣ್ಣ. ಅವನು ಕಟ್ಟಿದ ಲೇಔಟ್, ಮ್ಯಾಡರ್ ವ್ಯಾಲಿ ರೈಲ್ವೆ, ಕಲ್ಪನೆಯ ಕಣಿವೆ. ಮ್ಯಾಡರ್‌ಪೋರ್ಟ್, ಗ್ಯಾಮನ್ ಮ್ಯಾಗ್ನಾ, ಮಚ್ ಮ್ಯಾಡರ್ ಎಂಬ ಊರುಗಳು ಭೂಪಟದಲ್ಲಿಲ್ಲ. ಆದರೆ ಆ ಊರುಗಳ ಕಟ್ಟಡಗಳಿಗೆ ಅಲ್ಲಿಲ್ಲಿ ಕಂಡ ನಿಜದ ಕಟ್ಟಡಗಳೇ ಮೂಲ. ಊರು ಸುಳ್ಳು, ಗೋಡೆ ನಿಜ. ಅದುವರೆಗೆ ಹಳಿ ಹಾಸಿ, ಉಳಿದ ಜಾಗದಲ್ಲಿ ಒಂದಿಷ್ಟು ಹಸಿರು ಮರದಪುಡಿ ಉದುರಿಸಿದರೆ ಅದೇ ಲೇಔಟ್ ಆಗಿತ್ತು. ನೆಲ ಮೊದಲು, ರೈಲು ಆ ನೆಲದ ಮೂಲಕ ಹಾದುಹೋಗುವ ಒಂದು ವಸ್ತು ಎಂಬ ದೃಷ್ಟಿ ನಮ್ಮ ಹವ್ಯಾಸಕ್ಕೆ ಬಂದದ್ದು ಅವನಿಂದ.

ಆ ಲೇಔಟ್ ಈಗ ಇರುವುದು ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟೆನ್‌ಹ್ಯಾಮ್ ಎಂಬ ಹಳ್ಳಿಯ ಪೆಂಡನ್ ಮ್ಯೂಸಿಯಮ್ಮಿನಲ್ಲಿ. ಪೆಂಡನ್ನಿನ ಕರ್ತೃ ರಾಯ್ ಇಂಗ್ಲೆಂಡ್, ಹೆಸರು ಹಾಗಿದ್ದರೂ ಆಸ್ಟ್ರೇಲಿಯಾದವನು. 1925ರಲ್ಲಿ ಇಂಗ್ಲೆಂಡಿಗೆ ಬಂದ ಈ ತರುಣ ವೇಲ್ ಆಫ್ ವೈಟ್ ಹಾರ್ಸ್ ಎಂಬ ಬಯಲಿನ ಹಳ್ಳಿಮನೆಗಳನ್ನು ಕಂಡು ಮರುಳಾದ. ಹುಲ್ಲುಮಾಡಿನ ಆ ಮನೆಗಳು ಕಣ್ಣೆದುರೇ ರೂಪ ಕೆಡುತ್ತಿದ್ದುದನ್ನೂ ಕಂಡ. ತಡೆಯುವ ಶಕ್ತಿ ಅವನಿಗಿರಲಿಲ್ಲ, ಅಳೆಯುವ ತಾಳ್ಮೆಯಿತ್ತು. ಒಂದು ಅಡಿಗೆ ನಾಲ್ಕು ಮಿ.ಮೀ. ಲೆಕ್ಕದಲ್ಲಿ ಮನೆಗಳನ್ನು ರಟ್ಟಿನಲ್ಲಿ ಕಟ್ಟತೊಡಗಿದ. ಗೋಡೆಯ ಇಟ್ಟಿಗೆಗಳಿಗೆ ಒಂದೊಂದಾಗಿ ಜಲವರ್ಣ. ಆ ಅಳತೆಯಲ್ಲಿ ಇಟ್ಟಿಗೆಯ ದಪ್ಪ ಒಂದು ಮಿ.ಮೀ. ಮಾತ್ರ ಎಂಬುದನ್ನು ನೆನೆದುಕೊಳ್ಳಿ. 1954ರಲ್ಲಿ ಮ್ಯೂಸಿಯಮ್ಮಿಗೆ ನೆಲೆ ಸಿಕ್ಕಿತು, ಜೊತೆಗೂಡಿದ ಸ್ವಯಂಸೇವಕರು ದಶಕಗಟ್ಟಲೆ ದುಡಿದರು. ಅಲ್ಲಿ ರೈಲು ಓಡುತ್ತದೆ, ನಿಜ. ನೋಡುವವರ ಕಣ್ಣು ಮಾತ್ರ ಕಿಟಕಿ, ಬೇಲಿ, ಹಿತ್ತಲಿನ ಮೇಲೆಯೇ ಇರುತ್ತದೆ.

ಈಗ ಅಳತೆಯ ಪೊಲೀಸರ ಸರದಿ. "ನಿಮ್ಮ ಹಳಿಯೇ ತಪ್ಪು" ಎಂದು ಇವರು ಬರೆಯದ ತಿಂಗಳಿಲ್ಲ. ಲೆಕ್ಕ ಒಪ್ಪುತ್ತೇನೆ: 16.5 ಮಿ.ಮೀ. ಹಳಿಯನ್ನು 87ರಿಂದ ಗುಣಿಸಿದರೆ 1435, ಅದು ಯುರೋಪಿನ ಗೇಜು. ನಮ್ಮ ಬ್ರಾಡ್‌ಗೇಜ್ 1676, ಅದಕ್ಕೆ 19.3 ಮಿ.ಮೀ. ಹಳಿ ಬೇಕು. ಮೂರು ಮಿ.ಮೀ.ಗೂ ಕಡಿಮೆ ಅಂತರದ ಈ ಪಾಪಕ್ಕೆ ಪ್ರಾಯಶ್ಚಿತ್ತ ಕೇಳುವವರೇ ಜರ್ಮನಿಯ ನಿಲ್ದಾಣವನ್ನು ಕಂಡೂ ಸುಮ್ಮನಿರುತ್ತಾರಲ್ಲ, ಅದು ನನಗೆ ಅರ್ಥವಾಗದ ಧರ್ಮ. ಹಳಿಯ ಅಳತೆಯೇ ಮುಖ್ಯ ಎನ್ನುವವರಿಗೆ ಕೋಲಾರದ ಕಡೆ ದಾರಿಯಿದೆ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರ, ಯಲಹಂಕದ ಹಳೆಯ ಸಾಲು ಎರಡೂವರೆ ಅಡಿಯ ನ್ಯಾರೋಗೇಜ್, ಅಂದರೆ 762 ಮಿ.ಮೀ. ಎನ್ ಸ್ಕೇಲಿನ 9 ಮಿ.ಮೀ. ಹಳಿಯನ್ನು 87ರಿಂದ ಗುಣಿಸಿ: 783. ಇಷ್ಟು ಹತ್ತಿರ ಬಂದದ್ದನ್ನು ಬಿಡುವವರುಂಟೆ? ಆ ಸಾಲಿನ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳನ್ನು ಪರಂಪರೆ ಕಾಯುವ ಇಂಟ್ಯಾಕ್ ಸಂಸ್ಥೆ ಜೀರ್ಣೋದ್ಧಾರ ಮಾಡಿದೆ. ಹೋಗಿ ನೋಡಲು ಬೆಂಗಳೂರಿನವರಿಗೆ ಅರ್ಧ ದಿನ ಸಾಕು.

ಅಳತೆಯ ಪೊಲೀಸರಿಗೆ ಇನ್ನೊಂದು ಪ್ರಶ್ನೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದದ ಪ್ಲಾಟ್‌ಫಾರಂ 1507 ಮೀಟರ್. ಎಚ್‌ಓನಲ್ಲಿ 17 ಮೀಟರ್ ಮೀರುತ್ತದೆ. ಮನೆಯಲ್ಲಿ ಯಾರು ಇಡುತ್ತೀರಿ? ಕುಗ್ಗಿಸಲೇಬೇಕು. ಯಾವುದನ್ನು ಕುಗ್ಗಿಸಬಹುದು, ಯಾವುದನ್ನು ಕೂಡದು ಎಂಬುದರಲ್ಲಿದೆ ವಿದ್ಯೆ. ಈ ವಿದ್ಯೆ ಪರದೇಶದಿಂದ ಬಂತೆಂದು ತಿಳಿದವರು ನವರಾತ್ರಿಯಲ್ಲಿ ಹಳೇ ಮೈಸೂರಿನ ಯಾವುದಾದರೂ ಮನೆಗೆ ಹೋಗಿ ಗೊಂಬೆ ನೋಡಿ ಬರಬೇಕು. ತಟ್ಟೆಯಲ್ಲಿ ಮಣ್ಣು ಹರವಿ ರಾಗಿ ಮೊಳೆಸಿ ಹೊಲ ಮಾಡುವುದು, ಕನ್ನಡಿ ಇಟ್ಟು ಕೆರೆ ಮಾಡುವುದು, ಇದ್ದಿಲಿಗೆ ಸುಣ್ಣ ಬಳಿದು ಬೆಟ್ಟ ಮಾಡುವುದು: ನಾವು ಸೀನರಿ ಎಂದು ಬೀಗುವ ಕೆಲಸವನ್ನು ಮನೆಯ ಹೆಂಗಸರು, ಮಕ್ಕಳು ನಮಗಿಂತ ಮುಂಚೆಯೇ ಮಾಡಿದ್ದಾರೆ. ಅಲ್ಲಿ ಶೆಟ್ಟರ ದಿನಸಿ ಅಂಗಡಿ ಪಟ್ಟದ ಗೊಂಬೆಯ ಮೊಣಕಾಲಿಗೆ ಬರುತ್ತದೆ. ಯಾರೂ ತಪ್ಪೆನ್ನುವುದಿಲ್ಲ. ದೊಡ್ಡವರು ದೊಡ್ಡದಾಗಿ, ಉಳಿದದ್ದು ಸಾಕೆನಿಸುವಷ್ಟು.

ನಮಗೆ ಅಷ್ಟು ಸ್ವಾತಂತ್ರ್ಯವಿಲ್ಲ, ಸೂತ್ರ ಮಾತ್ರ ಅದೇ. ನಮ್ಮಲ್ಲಿ ದೊಡ್ಡವರೆಂದರೆ ಮನುಷ್ಯನ ಮೈ ಮುಟ್ಟುವ ವಸ್ತುಗಳು: ಬಾಗಿಲು, ಮೆಟ್ಟಿಲು, ಬೆಂಚು, ಟಿಕೆಟ್ ಕಿಂಡಿ. ಎರಡು ಸೆಂಟಿಮೀಟರಿನ ಮನುಷ್ಯ ಪಕ್ಕದಲ್ಲಿ ನಿಂತೊಡನೆ ಇವುಗಳ ಸುಳ್ಳು ಬಯಲಾಗುತ್ತದೆ, ಇವನ್ನು ಮುಟ್ಟಬೇಡಿ. ಕುಗ್ಗಿಸುವುದಾದರೆ ಸಂಖ್ಯೆಯನ್ನು ಕುಗ್ಗಿಸಿ, ಗಾತ್ರವನ್ನಲ್ಲ. ಏಳು ಕಮಾನಿದ್ದರೆ ಐದು ಮಾಡಿ, ಆರು ಮಾಡಬೇಡಿ. ಆರು ಮಾಡಿದರೆ ನಡುವೆ ಬಾಗಿಲಿರಬೇಕಾದಲ್ಲಿ ಕಂಬ ಬಂದು ನಿಲ್ಲುತ್ತದೆ. ಪ್ಲಾಟ್‌ಫಾರಮ್ಮಿನ ತುದಿಯನ್ನು ಒಂದು ಮಳೆಮರದ ಹಿಂದೆ ಮರೆಮಾಡಿ. ನೋಡುವವನು ಉಳಿದ ಉದ್ದವನ್ನು ತಾನೇ ತುಂಬಿಕೊಳ್ಳುತ್ತಾನೆ.

ನೆಲದ ಮಾತು ಚುಟುಕಾಗಿ, ಯಾಕೆಂದರೆ ಸಂಪಾದಕರ ಫೋನು ಬಂದಾಯಿತು. ಕೋಲಾರದ ಕಡೆಯ ನಿಲ್ದಾಣವಾದರೆ ಅಲ್ಲಿಯ ಮಣ್ಣೇ ತನ್ನಿ. ಬಾಣಲೆಯಲ್ಲಿ ಹುರಿದು, ತೆಳುಬಟ್ಟೆಯಲ್ಲಿ ಸೋಸಿ. ಆಮೇಲೆ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ಮಣ್ಣಿನಲ್ಲಿ ಆಡಿಸಿ. ಕಪ್ಪು ಪುಡಿ ಮೆತ್ತಿಕೊಂಡು ಬರುತ್ತದೆ, ಅದನ್ನು ತೆಗೆಯದೆ ಬಿಟ್ಟರೆ ಎಂಜಿನ್ನಿನ ಮೋಟಾರಿನೊಳಗೆ ಹೋಗಿ ಕೂರುತ್ತದೆ. ಫೆವಿಕಾಲ್ ಹಾಕಿದಮೇಲೆ ಮಣ್ಣಿನ ಬಣ್ಣ ಗಾಢವಾಗುವುದರಿಂದ ಒಂದಿಷ್ಟು ಸುಣ್ಣದ ಪುಡಿ ಬೆರೆಸಿ. ಅದೇ ಮಣ್ಣು ಕದಡಿದ ನೀರನ್ನು ಗೋಡೆಯ ಬುಡಕ್ಕೆ ಐದಾರು ಮಿ.ಮೀ. ಎತ್ತರದವರೆಗೆ ಹಚ್ಚಿ. ಸೂರಿನ ನೀರು ಬಿದ್ದು ಕೆಸರು ಸಿಡಿದ ಆ ಕೆಂಪು ಅಂಚಿಲ್ಲದೆ ನಮ್ಮ ಕಡೆ ಸುಣ್ಣದ ಗೋಡೆಯೇ ಇಲ್ಲ. ಬೇಲಿಗೆ ತಂತಿ ಬೇಡ, ಆ ಸೀಮೆಯ ಬೇಲಿ ಸಾಲಾಗಿ ನೆಟ್ಟ ಕಲ್ಲುಚಪ್ಪಡಿ. ರಟ್ಟನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದರೆ ಚಪ್ಪಡಿಯ ಅಂಚು ತಾನಾಗಿ ಬರುತ್ತದೆ.

ಕೊನೆಗೆ ಒಂದು ಅವಸರದ ಕೆಲಸ. ಮೀಟರ್‌ಗೇಜ್ ಸಾಲುಗಳು ಬ್ರಾಡ್‌ಗೇಜ್ ಆಗುವ ಭರದಲ್ಲಿ ನಮ್ಮ ಎಷ್ಟೋ ಸಣ್ಣ ನಿಲ್ದಾಣಗಳು ನೆಲಸಮವಾದವು. 'ಮಾಲ್ಗುಡಿ ಡೇಸ್' ಧಾರಾವಾಹಿಯ ನಿಲ್ದಾಣವಾಗಿದ್ದ ಅರಸಾಳು, 2020ರಲ್ಲಿ ಮ್ಯೂಸಿಯಂ ಆಗಿ ಉಳಿದದ್ದು ಆ ಧಾರಾವಾಹಿಯ ಪುಣ್ಯ. ಎಲ್ಲ ನಿಲ್ದಾಣಕ್ಕೂ ಅದನ್ನು ನಿರ್ದೇಶಿಸಿದ ಶಂಕರ್‌ನಾಗ್‌ನಂಥವರು ಸಿಗುವುದಿಲ್ಲ. 2023ರ ಆಗಸ್ಟಿನಲ್ಲಿ ದೇಶದ 508 ನಿಲ್ದಾಣಗಳ ಪುನರಭಿವೃದ್ಧಿಗೆ ಒಂದೇ ದಿನ ಶಂಕುಸ್ಥಾಪನೆಯಾಯಿತು. ಪ್ರಯಾಣಿಕನಾಗಿ ನನಗೆ ಸಂತೋಷವೇ, ಲಿಫ್ಟು ಯಾರಿಗೆ ಬೇಡ? ಆದರೆ ಹಳೆಯ ಮುಖ ಮುಚ್ಚಿಹೋಗುವ ಮುನ್ನ ಅಳತೆ ತೆಗೆದಿಡುವವರು ನಾವಲ್ಲದೆ ಇನ್ನಾರು? ಮಾಸ್ತರರನ್ನು ಕೇಳಿ ಅನುಮತಿ ಪಡೆಯಿರಿ. ಬಾಗಿಲ ಪಕ್ಕ ಗೊತ್ತಿರುವ ಎತ್ತರದವರೊಬ್ಬರನ್ನು ನಿಲ್ಲಿಸಿ ಚಿತ್ರ ತೆಗೆಯಿರಿ, ಒಂದು ಇಟ್ಟಿಗೆ ಅಳೆದು ಉಳಿದದ್ದನ್ನು ಎಣಿಸಿ. ಮುಖ್ಯವಾಗಿ ಕಟ್ಟಡದ ಹಿಂದಕ್ಕೆ ಹೋಗಿ. ಮುಂಭಾಗದ ಚಿತ್ರ ಎಲ್ಲರ ಬಳಿಯೂ ಇರುತ್ತದೆ, ಹೆಸರಿನ ಹಳದಿ ಬೋರ್ಡಿನ ಮುಂದೆ ನಿಂತು ತೆಗೆಸಿಕೊಂಡದ್ದು. ನೀರಿನ ಕೊಳವೆ ಎಲ್ಲಿ ಇಳಿಯುತ್ತದೆ, ಬಚ್ಚಲಿನ ಕಿಂಡಿ ಎಷ್ಟು ಎತ್ತರದಲ್ಲಿದೆ, ಒಲೆಯ ಹೊಗೆಗೂಡು ಯಾವ ಮೂಲೆಯಲ್ಲಿದೆ ಎಂದು ಕೇಳಿದರೆ ಉತ್ತರ ಯಾರಲ್ಲೂ ಇರುವುದಿಲ್ಲ. ಮೂರು ಗೋಡೆ ಗೊತ್ತಿದ್ದು ನಾಲ್ಕನೆಯದನ್ನು ಊಹಿಸಿ ಕಟ್ಟಿದ ನಿಲ್ದಾಣವನ್ನು ನಾನಂತೂ ನಿಲ್ದಾಣವೆಂದು ಒಪ್ಪುವುದಿಲ್ಲ, ನಾಟಕದ ಪರದೆ ಎನ್ನುತ್ತೇನೆ.